ಗೆಲೆಡೆ ಮುಖವಾಡ: ಗೌರವ ಯಾರಿಗೆ, ಅಧಿಕಾರ ಯಾರಿಗೆ?

ಆಫ್ರಿಕಾದ ಕಲೆ ಅಂದ ಕೂಡಲೆ ನಮಗೆ ತೋರಿಸೋದು ಗಾಜಿನ ಪೆಟ್ಟಿಗೆಯಲ್ಲಿಟ್ಟ ಮರದ ಮುಖ. ನೈಜೀರಿಯಾದ ನೈಋತ್ಯ ಭಾಗ ಮತ್ತು ಪಕ್ಕದ ಬೆನಿನ್ ದೇಶದ ಯೊರುಬಾ ಜನ ಕುಣಿಸುವ ಗೆಲೆಡೆ ಮುಖವಾಡಕ್ಕೂ ಯುರೋಪಿನ ಮ್ಯೂಸಿಯಮ್ಮುಗಳಲ್ಲಿ ಇದೇ ಗತಿ. ಅದರ ಹಾಡು, ಡೋಲು, ಬಟ್ಟೆ, ಕಾಲ್ಗಡಗ, ಸುತ್ತ ನೆರೆದ ಜನ ಯಾವುದೂ ಅಲ್ಲಿಲ್ಲ. ಜನರಿಂದ ಕಿತ್ತ ಮೇಲೆ ಉಳಿಯೋದು ಮರ ಮಾತ್ರ.

ಗೆಲೆಡೆ ಹೆಚ್ಚಾಗಿ ನಡೆಯುವುದು ಸಂತೆ ಬಯಲಿನಲ್ಲಿ. ಯೊರುಬಾ ನಾಡಿನಲ್ಲಿ ಸಂತೆ ಅಂದರೆ ಹೆಂಗಸರ ಜಾಗ. ರಾತ್ರಿ 'ಎಫೆ' ಬರುತ್ತಾನೆ. 'ನಮ್ಮ ತಾಯಂದಿರು' ಎಂದು ಕರೆದು, ಅವರಿಗೆ ಕೈಮುಗಿದೇ ಬಾಯಿ ತೆರೆಯುತ್ತಾನೆ. ಆಮೇಲೆ ಹಾದಿ ತಪ್ಪಿದವರನ್ನು, ದರ್ಪದ ದೊಡ್ಡ ಮನುಷ್ಯರನ್ನು ಹಾಡಿನಲ್ಲೇ ಹರಾಜಿಗೆ ಹಾಕ್ತಾನೆ. ಮರುದಿನ ಮಧ್ಯಾಹ್ನದ ಮೇಲೆ ಮುಖವಾಡಗಳು ಜೋಡಿ ಜೋಡಿಯಾಗಿ ಕುಣಿಯುತ್ತವೆ. ಈ ಮುಖವಾಡ ತಲೆಯ ಮೇಲೆ ಕೂರುತ್ತೆ. ಕೆಳಗೆ ಶಾಂತವಾದ ಹೆಣ್ಣುಮುಖ. ಅದರ ಮೇಲೆ ಹಕ್ಕಿ, ಹಾವು, ಹೊಲಿಗೆ ಯಂತ್ರ, ಮೋಟಾರ್ ಸೈಕಲ್. ಲೋಕದ ಭಾರವೆಲ್ಲ ಹೆಣ್ಣಿನ ತಲೆ ಮೇಲೆ ಎಂದು ನಾವು ಇದನ್ನು ಓದುತ್ತೇವೆ.

ಆದರೆ ಹೊತ್ತು ಕುಣಿಯುವವರು ಗಂಡಸರು; ಹೆಂಗಸರಿಂದಲೇ ಎರವಲು ತಂದ ಬಟ್ಟೆ ಸುತ್ತಿಕೊಂಡು ಹೆಣ್ಣಾಗ್ತಾರೆ. ಹಾಗಂತ ಇದು ಬರೀ ಗಂಡಸರ ಆಟ ಅಂತ ತಳ್ಳಿಹಾಕುವಂತಿಲ್ಲ. 'ಇಯಾಲಾಶೆ' ಎಂಬ ಹಿರಿಯ ಹೆಂಗಸು ಈ ಪಂಥದ ಮುಖ್ಯಸ್ಥೆ. ವಿದ್ವಾಂಸ ಬಾಬಾತುಂಡೆ ಲವಾಲ್ ತಮ್ಮ 1996ರ ಪುಸ್ತಕದಲ್ಲಿ ಗೆಲೆಡೆಯನ್ನು ಸಮಾಜದ ಸಾಮರಸ್ಯದ ಸಾಧನವಾಗಿ ಕಾಣುತ್ತಾರೆ.

ನಮ್ಮ ತಕರಾರು ಆ ಸಾಮರಸ್ಯದ ಬಗ್ಗೆಯೇ. ತಾಯಂದಿರ ಶಕ್ತಿಯನ್ನು ಯೊರುಬಾದಲ್ಲಿ 'ಅಜೆ' ಅಂತಾರೆ. ಅದು ಮಗು ಕೊಡುತ್ತೆ, ಕಿತ್ತುಕೊಳ್ಳುತ್ತೆ. ಊರು ಕಾಯುತ್ತೆ, ಕೆಡಿಸುತ್ತೆ. ಇಂಗ್ಲಿಷಿನವರು ಅದನ್ನು 'ಮಾಟಗಾತಿ' ಎಂದು ಅನುವಾದಿಸಿ ಅರ್ಧ ಅರ್ಥವನ್ನೇ ಕೊಂದರು. ಆದರೂ ಒಂದು ಮಾತು ಹೇಳಲೇಬೇಕು: ಹೆದರಿಕೆಯ ಮೇಲೆ ನಿಂತ ಗೌರವ ಗಟ್ಟಿಯಲ್ಲ. ಕೆಟ್ಟ ಕಾಲ ಬಂದರೆ ಕೈಮುಗಿದವರೇ ಮುದುಕಿಯ ಕಡೆ ಬೆರಳು ತೋರಿಸ್ತಾರೆ.

ಅದೇ ಯೊರುಬಾ ನಾಡಿನ ಅಬೆಯೊಕುಟಾದಲ್ಲಿ 1947ರಲ್ಲಿ ಹೆಂಗಸರು ಮುಖವಾಡವಿಲ್ಲದೆ ಬೀದಿಗೆ ಬಂದರು. ಬ್ರಿಟಿಷ್ ಆಡಳಿತ ಹೇರಿದ ತಲೆಗಂದಾಯ, ಅದಕ್ಕೆ ಕೈಜೋಡಿಸಿದ ಅರಸ ಅಲಾಕೆ, ಎರಡರ ವಿರುದ್ಧವೂ ನಿಂತರು. ಮುಂದಾಳು ಫುನ್ಮಿಲಾಯೊ ರಾನ್ಸಂ ಕುಟಿ ಶಾಲಾ ಶಿಕ್ಷಕಿ. ಜೊತೆಗೆ ಸಾವಿರಾರು ಸಂತೆಯ ಹೆಂಗಸರು. 1949ರಲ್ಲಿ ಅಲಾಕೆ ಪಟ್ಟ ಬಿಡಬೇಕಾಯಿತು. ವೋಲೆ ಸೋಯಿಂಕಾ 1981ರ ತಮ್ಮ ಬಾಲ್ಯದ ಕಥನ 'ಅಕೆ'ಯಲ್ಲಿ ಈ ದಂಗೆಯನ್ನು ಚಿತ್ರಿಸಿದ್ದಾರೆ. ಇಲ್ಲಿ ಅರಸನನ್ನು ಇಳಿಸಿದ್ದು ಮಾಯದ ಶಕ್ತಿಯಲ್ಲ, ಸಂಘಟನೆ.

2001ರಲ್ಲಿ ಯುನೆಸ್ಕೊ ಗೆಲೆಡೆಯನ್ನು ಮಾನವ ಪರಂಪರೆಯ ಮೇರುಕೃತಿ ಎಂದು ಸಾರಿತು. ಸಂತೋಷ. ತಾಯಿಯನ್ನು ತಲೆ ಮೇಲೆ ಹೊತ್ತು ಕುಣೀಲಿ, ಬೇಡ ಅನ್ನೋದಿಲ್ಲ ನಾವು. ಕುಣಿತ ಮುಗಿದ ಮೇಲೆ ಅವಳ ಸಂತೆಯ ಸುಂಕವನ್ನು ತೀರ್ಮಾನಿಸೋರು ಯಾರು, ಊರ ಪಂಚಾಯ್ತಿಯಲ್ಲಿ ಅವಳ ಮಾತಿಗೆ ಬೆಲೆ ಉಂಟೆ ಅಂತ ಕೇಳ್ತೇವೆ. ಇದನ್ನು ಕೇಳದೆ ಮುಖವಾಡದ ಚೆಲುವನ್ನಷ್ಟೇ ಹೊಗಳೋ ವಿಮರ್ಶೆ ಗಾಜಿನ ಪೆಟ್ಟಿಗೆಗೆ ಬೀಗ ಹಾಕುವ ಕೆಲಸವನ್ನೇ ಮಾಡುತ್ತದೆ.