ಹುಲಿಗೆ ಮೈ ಕೊಟ್ಟ ಕಂಚು

ಮೈಸೂರು ಅರಮನೆಯ ಅಂಗಳದಲ್ಲಿರುವ ಕಂಚಿನ ಹುಲಿಗಳನ್ನು ಹತ್ತಿರ ಹೋಗಿ ನೋಡಬೇಕು. ಭುಜದ ಬಿಗಿ, ನೆಲಕ್ಕೆ ಊರಿದ ಪಂಜದ ಭಾರ: ಲೋಹ ಇಲ್ಲಿ ಉಸಿರಾಡುವ ಮೈಯಾಗಿದೆ. ಇವುಗಳ ಕರ್ತೃ, ಬ್ರಿಟಿಷ್ ಶಿಲ್ಪಿ ವಿಲಿಯಂ ರಾಬರ್ಟ್ ಕೋಲ್ಟನ್, ಹೆಣ್ಣಿನ ಮೈಯನ್ನೂ ಇಷ್ಟೇ ಗಮನವಿಟ್ಟು ಕಂಡವನು. ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ ಅವನ ಕಂಚಿನ ಸ್ತ್ರೀಮೂರ್ತಿ ‘ದಿ ಗರ್ಡಲ್’ ಅದಕ್ಕೆ ಸಾಕ್ಷಿ. ಆದರೆ ಅರಮನೆಯ ಅಂಗಳಕ್ಕೆ ಅವನ ಕೈಯಿಂದ ಬಂದದ್ದು ಹುಲಿಗಳು. ಆಧುನಿಕ ಕಂಚು ಇಲ್ಲಿ ಪ್ರಾಣಿಗೆ ಕೊಟ್ಟ ಮೈಯನ್ನು ಹೆಣ್ಣಿಗೆ ಕೊಡಲಿಲ್ಲವಲ್ಲ ಎಂಬುದು ನನ್ನ ಕೊರಗು.

ಹಾಗೆಂದು ಈ ಊರಿಗೆ ಲೋಹದ ಸ್ತ್ರೀರೂಪ ಹೊಸದಲ್ಲ. ವಿಜಯದಶಮಿಯಂದು 750 ಕಿಲೋ ತೂಕದ ಅಂಬಾರಿಯಲ್ಲಿ ಹೊರಡುವ ಚಾಮುಂಡೇಶ್ವರಿಯ ಉತ್ಸವಮೂರ್ತಿ ಪಂಚಲೋಹದ್ದು. ರೇಷ್ಮೆ ಸೀರೆ, ಒಡವೆ, ಹೂವಿನ ನಡುವೆ ಕಣ್ಣಿಗೆ ಬೀಳುವುದು ಮುಖ ಮಾತ್ರ. ಅದು ಕೊರತೆಯಲ್ಲ. ಅಲಂಕಾರವಾದ ಮೇಲೆಯೇ ಮೂರ್ತಿ ಪೂರ್ಣವಾಗುವ ಪರಂಪರೆ ಅದು. ದರ್ಶನ ಕೊಡುವುದೇ ಅದರ ಕೆಲಸ. ಪೂಜೆಗಲ್ಲದ ಸಾರ್ವಜನಿಕ ಶಿಲ್ಪವೂ ಅದೇ ಭಾಷೆಯನ್ನು ಎರವಲು ತಂದಾಗ ತೊಡಕು ಶುರುವಾಗುತ್ತದೆ. 2025ರ ಜನವರಿಯಲ್ಲಿ ಬೆಂಗಳೂರಿನ ವಿಧಾನಸೌಧದ ಆವರಣದಲ್ಲಿ ಅನಾವರಣಗೊಂಡ 25 ಅಡಿಯ ಕಂಚಿನ ಭುವನೇಶ್ವರಿಯನ್ನೇ ನೋಡಿ. ಎರಕದ ಸಾಹಸ ದೊಡ್ಡದು, ನಿಜ. ಆದರೆ ಕಿರೀಟ, ಒಡವೆ, ಬೆನ್ನಿಗಿರುವ ನಾಡಿನ ನಕ್ಷೆ ಎಲ್ಲವೂ ಸೇರಿ ಲಾಂಛನವಾಗುತ್ತವೆಯೇ ಹೊರತು ಒಂದು ಜೀವವಾಗುವುದಿಲ್ಲ.

ಬೇರೆ ದಾರಿಯನ್ನು ಶಿಲ್ಪಿ ಮೀರಾ ಮುಖರ್ಜಿ (1923–1998) ತೋರಿಸಿದ್ದಾರೆ. ಮ್ಯೂನಿಕ್‌ನಲ್ಲಿ ಕಲಿತು ಬಂದ ಅವರು ಮತ್ತೆ ಬಸ್ತರಿನ ಎರಕದವರ ಬಳಿ ಕೂತು ಮೇಣದ ಅಚ್ಚಿನ ಕಸುಬು ಕಲಿತರು. ಮೇಣದ ಎಳೆಗಳನ್ನು ಒತ್ತಿದ ಗುರುತು ಅವರ ಕಂಚಿನ ಮೇಲೆ ಹಾಗೇ ಉಳಿದಿರುತ್ತದೆ. ದುಡಿಯುವವರ ಮೈ ಮಿಡಿಯುವುದು ಆ ಎಳೆಗಳಲ್ಲೇ. ಉಜ್ಜಿ ಹೊಳಪಿಟ್ಟ ಚೆಲುವಿಗಿಂತ ಈ ಒರಟುತನ ಬದುಕಿಗೆ ಹತ್ತಿರ.

ಅಂಥ ಶಿಲ್ಪಕ್ಕೆ ಮೈಸೂರಿನಲ್ಲಿ ವಸ್ತುವಿನ ಬರವಿಲ್ಲ. ಅರಮನೆಯ ಸುತ್ತಲಿನ ಮೂರು ವೃತ್ತಗಳಲ್ಲಿ ಅಮೃತಶಿಲೆಯ ಮೂವರು ಒಡೆಯರಿದ್ದಾರೆ. 1897ರಲ್ಲಿ ಹಳೆಯ ಅರಮನೆ ಸುಟ್ಟುಹೋದಾಗ ಹೊಸದರ ಹೊಣೆಯನ್ನು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್‌ಗೆ ವಹಿಸಿದ್ದು ಮಾತ್ರ ಒಬ್ಬ ಹೆಣ್ಣುಮಗಳು, ಮಹಾರಾಣಿ ಕೆಂಪನಂಜಮ್ಮಣ್ಣಿ. ಗಂಡನನ್ನು ಕಳೆದುಕೊಂಡು, ಮಗ ಇನ್ನೂ ಬಾಲಕನಾಗಿದ್ದಾಗ, 1895ರಿಂದ 1902ರವರೆಗೆ ರೀಜೆಂಟ್ ಆಗಿ ರಾಜ್ಯವಾಳಿದರು. ಶಿವನಸಮುದ್ರದ ವಿದ್ಯುತ್ ಯೋಜನೆ ಆಕಾರ ಪಡೆದದ್ದೂ ಅವರ ಕಾಲದಲ್ಲೇ. ಅವರನ್ನು ಅರಮನೆಯೆದುರು ಕಂಚಿನಲ್ಲಿ ನಿಲ್ಲಿಸಬೇಕು; ಆದರೆ ದೇವಿಯಂತಲ್ಲ. ಹೊಣೆ ಹೊತ್ತ ಭುಜ, ಕಾಗದಪತ್ರ ಹಿಡಿದ ಕೈ, ನಿದ್ದೆಗೆಟ್ಟ ಕಣ್ಣು ಕಾಣಬೇಕು. ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಶಿಲ್ಪ ಕಲಿಯುವ ಹುಡುಗಿಯರಿಗೇ ಆ ಕೆಲಸ ಒಪ್ಪಿಸಲಿ. ಕೋಲ್ಟನ್ ಹುಲಿಯ ಮೈಯನ್ನು ಎಷ್ಟು ಶ್ರದ್ಧೆಯಿಂದ ಓದಿದನೋ, ಅಷ್ಟೇ ಶ್ರದ್ಧೆಯಿಂದ ಅವರು ಈ ತಾಯಿಯ ಮೈಯನ್ನು ಓದಲಿ.