ತಟ್ಟೆಯಲ್ಲಿ ಕಂಡ ಕ್ಯಾಲ್ಸಿಯಂ ಅಲೆ

1990ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಆನ್ ಕಾರ್ನೆಲ್-ಬೆಲ್ ಮತ್ತು ಸಂಗಡಿಗರ ಪ್ರಬಂಧವೊಂದು ಬಂತು. ನರಕೋಶಗಳ ಚಾಕರಿಗಷ್ಟೇ ಇರುವವು ಎಂದುಕೊಂಡಿದ್ದ, ತಟ್ಟೆಯಲ್ಲಿ ಬೆಳೆಸಿದ ಆಸ್ಟ್ರೋಸೈಟ್‌ಗಳಿಗೆ ನರಸಂದೇಶವಾಹಕವಾದ ಗ್ಲುಟಮೇಟ್ ತಾಗಿದಾಗ ಅವುಗಳೊಳಗಿನ ಕ್ಯಾಲ್ಸಿಯಂ ಏರಿತು. ಆ ಏರಿಕೆ ಅಲೆಯಾಗಿ ಪಕ್ಕದ ಕೋಶಕ್ಕೂ ಅದರಾಚೆಗೂ ಹಬ್ಬಿತು. ಪ್ರಯೋಗ ಸೊಗಸಾಗಿಯೇ ಇತ್ತು, ತಪ್ಪಿದ್ದು ಓದಿದವರ ಕಡೆ. ಹೀಗೆ ತಟ್ಟೆಯಲ್ಲಿ ಬೆಳೆಸಿದ, ಅಂದರೆ ಕಲ್ಚರ್ ಮಾಡಿದ, ಕೋಶಕ್ಕೆ ಸಾಧ್ಯವಿರುವುದೆಲ್ಲ ಮಿದುಳಿನಲ್ಲಿ ನಿತ್ಯ ನಡೆಯುತ್ತಿದೆ ಎಂದು ಮುಂದಿನ ಎಷ್ಟೋ ಬರಹಗಳು ಭಾವಿಸಿಬಿಟ್ಟವು.

ಆ ಕೋಶ ಬೆಳೆಯುವ ಬಗೆ ನೋಡಿ. 1980ರಲ್ಲಿ ಮೆಕಾರ್ಥಿ ಮತ್ತು ಡಿ ವೆಲ್ಲಿಸ್ ವಿವರಿಸಿದ ವಿಧಾನ ಇಂದಿಗೂ ಅನೇಕ ಲ್ಯಾಬುಗಳ ರೂಢಿ. ಹುಟ್ಟಿ ಒಂದೆರಡು ದಿನವಾದ ಇಲಿಮರಿಯ ಮಿದುಳಿನ ಕೋಶಗಳನ್ನು ಕರುವಿನ ರಕ್ತದ ಸೀರಮ್ ಬೆರೆಸಿದ ದ್ರವದಲ್ಲಿ, 37 ಡಿಗ್ರಿ ಶಾಖದಲ್ಲಿ ಬೆಳೆಸುತ್ತಾರೆ. ಫ್ಲಾಸ್ಕಿನ ತಳ ತುಂಬಿದ ಮೇಲೆ ರಾತ್ರಿಯಿಡೀ ಕುಲುಕಿದರೆ ಸಡಿಲವಾಗಿ ಅಂಟಿದ ಬೇರೆ ಕೋಶಗಳು ಉದುರಿ ಆಸ್ಟ್ರೋಸೈಟ್‌ಗಳು ಉಳಿಯುತ್ತವೆ. ಅವೋ, ಕಾವಲಿಯ ಮೇಲೆ ಹರಡಿದ ದೋಸೆಯಷ್ಟು ಚಪ್ಪಟೆ. ಮಿದುಳಿನಲ್ಲಿದ್ದಾಗ ಇರುವ ನವುರಾದ ಕವಲುಗಳ ದಟ್ಟಣೆ ಅಲ್ಲಿಲ್ಲ. ಆರೋಗ್ಯವಂತ ಮಿದುಳಿನ ಕೋಶಗಳಿಗೆ ಸೀರಮ್ ನೇರವಾಗಿ ಸೋಕುವುದೂ ಇಲ್ಲ. ರಕ್ತನಾಳಗಳ ತಡೆಗೋಡೆ ಒಡೆದು ಗಾಯವಾದಾಗಲೇ ಸೋಕುವುದು. ಸೀರಮ್‌ನಲ್ಲೇ ಮುಳುಗಿ ಬೆಳೆದ ಕೋಶ ಗಾಯದ ಲಕ್ಷಣ ತೋರಿದರೆ ಅಚ್ಚರಿಯೇನು? ಸ್ಟ್ಯಾನ್‌ಫರ್ಡ್‌ನ ಬೆನ್ ಬ್ಯಾರೆಸ್ ತಂಡ 2008ರಲ್ಲಿ ಆಗಷ್ಟೇ ಬೇರ್ಪಡಿಸಿದ ಆಸ್ಟ್ರೋಸೈಟ್‌ಗಳ ಜೀನ್ ಚಟುವಟಿಕೆಯನ್ನು ಕಲ್ಚರ್ ಕೋಶಗಳದ್ದರೊಂದಿಗೆ ಹೋಲಿಸಿತು. ಎರಡೂ ಒಂದೇ ಬಗೆಯ ಕೋಶವೆನ್ನಲು ಬರುವಂತಿರಲಿಲ್ಲ.

ಕ್ಯಾಲ್ಸಿಯಂ ಕಥೆಗೆ ನೇರ ಪೆಟ್ಟು ಬಿದ್ದದ್ದು 2013ರಲ್ಲಿ, ಮೈಕೆನ್ ನೆಡರ್ಗಾರ್ಡ್ ತಂಡದಿಂದ. ಗ್ಲುಟಮೇಟನ್ನು ಗುರುತಿಸಿ ಕ್ಯಾಲ್ಸಿಯಂ ಏರಿಸುವ ಎಂಗ್ಲೂಆರ್5 ಎಂಬ ಗ್ರಾಹಕ, ಇಲಿಯ ಆಸ್ಟ್ರೋಸೈಟ್‌ಗಳಲ್ಲಿ ಮೂರನೇ ವಾರ ದಾಟಿದ ಮೇಲೆ ಸಿಗಲೇ ಇಲ್ಲ. ಉಳಿದ ಎಂಗ್ಲೂಆರ್3 ಗ್ರಾಹಕ ಕ್ಯಾಲ್ಸಿಯಂ ಗೊಡವೆಗೆ ಹೋಗುವುದಿಲ್ಲ. ಕಲ್ಚರ್ ತಟ್ಟೆಗೆ ಬರುವುದೇ ಎಳೆಮರಿಯ ಕೋಶ! ಮರಿಯ ಗುಣವನ್ನು ಬಲಿತ ಮಿದುಳಿನ ತಲೆಗೆ ಕಟ್ಟಿದಂತಾಯಿತು. ನೆಡರ್ಗಾರ್ಡ್ ತೀರ್ಮಾನವನ್ನು ಒಪ್ಪದವರೂ ಇದ್ದಾರೆ. ವಯಸ್ಸಿನ ಪ್ರಶ್ನೆಯನ್ನು ಮಾತ್ರ ಇನ್ನು ಯಾರೂ ಬದಿಗೊತ್ತುವಂತಿಲ್ಲ.

ಹಾಗೆಂದು ಮಿದುಳಿನಿಂದ ಆಗಷ್ಟೇ ಬೇರ್ಪಡಿಸಿದ ತಾಜಾ ಕೋಶವನ್ನು ಪೂರ್ತಿ ನಂಬುವಂತೆಯೂ ಇಲ್ಲ. ಆಲ್ಬನಿಯ ಹೆರಾಲ್ಡ್ ಕಿಮೆಲ್‌ಬರ್ಗ್ ಅದರ ಪರ ವರ್ಷಗಟ್ಟಲೆ ವಾದಿಸಿದರು, ಸರಿಯಾಗಿಯೇ. ಆದರೆ ಕೋಶವನ್ನು ಬಿಡಿಸಲು ಪಪೇನ್‌ನಂಥ ಕಿಣ್ವ ಬೇಕು. ಪಪ್ಪಾಯಿ ಹಾಲಿನ ಈ ಕಿಣ್ವ ಕೋಶಗಳ ನಡುವಿನ ಬಂಧವನ್ನು ಕರಗಿಸುವಾಗ ಮೇಲ್ಮೈಯ ಪ್ರೋಟೀನುಗಳನ್ನೂ ಕತ್ತರಿಸಬಲ್ಲದು. ಹೊರಬರುವಾಗ ನವುರಾದ ಕವಲುಗಳು ಬಹುಪಾಲು ಹರಿದುಹೋಗುತ್ತವೆ. ಆ ಕವಲುಗಳಲ್ಲೇ ಚುರುಕಾದ ಕ್ಯಾಲ್ಸಿಯಂ ಮಿನುಗು ಇರುವುದು. 2015ರ ಒಂದು ಅಧ್ಯಯನದಲ್ಲಿ, ಕೋಶದೊಳಗಿನ ದಾಸ್ತಾನಿನಿಂದ ಕ್ಯಾಲ್ಸಿಯಂ ಬಿಡುವ ಐಪಿ3ಆರ್2 ಎಂಬ ಬಾಗಿಲಿಲ್ಲದ ಇಲಿಗಳ ಕವಲುಗಳಲ್ಲೂ ಆ ಮಿನುಗು ಉಳಿದಿತ್ತು. ಕಾಂಡವಷ್ಟೇ ಉಳಿದ ತಾಜಾ ಕೋಶದಲ್ಲಿ ಇದನ್ನು ಕಾಣುವ ದಾರಿಯೇ ಇಲ್ಲ.

ನನ್ನ ಮಟ್ಟಿಗೆ, ಯಾವ ಗ್ರಾಹಕ ಇದೆ ಎಂದು ಕೇಳಲು ತಾಜಾ ಕೋಶ ಮೇಲು. ಸಂಕೇತ ಕೋಶದೊಳಗೆ ಹೇಗೆ ಸಾಗುತ್ತದೆ ಎಂಬ ಯಂತ್ರವಿವರಕ್ಕೆ ಕಲ್ಚರ್ ಸಾಕು. ಮಿದುಳಿನಲ್ಲಿ ಏನಾಗುತ್ತದೆ ಎಂಬುದಕ್ಕೆ ಎರಡೂ ಸಾಲದು. ಅಲೆಯ ಚಿತ್ರವಿರುವ ಪ್ರಬಂಧ ಕೈಗೆ ಬಂದರೆ ಮೊದಲು ವಿಧಾನದ ಭಾಗ ತೆರೆದು ಪ್ರಾಣಿಯ ವಯಸ್ಸೆಷ್ಟು, ದ್ರವದಲ್ಲಿ ಸೀರಮ್ ಇತ್ತೇ ಎಂದು ಹುಡುಕಿ.