ಊರುಗೋಲು ಎಸೆದ ಹುಡುಗ, ಎಸೆಯದೆ ಉಳಿದವರು

1919ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ದಿ ಮಿರಾಕಲ್ ಮ್ಯಾನ್’ ಎಂಬ ಮೂಕಿ ಚಿತ್ರದಲ್ಲಿ ಇವತ್ತು ನೋಡಲು ಸಿಗುವುದು ಸುಮಾರು ಮೂರು ನಿಮಿಷದ ತುಣುಕು. ಮಿಕ್ಕ ರೀಲುಗಳೆಲ್ಲ ಕಳೆದುಹೋಗಿವೆ. ಪ್ಯಾರಾಮೌಂಟ್ ಸಂಸ್ಥೆ ತನ್ನ ಹಳೆಯ ಚಿತ್ರಗಳ ಹಿರಿಮೆಯನ್ನು ಸಾರಲು 1931ರಲ್ಲಿ ತಯಾರಿಸಿದ ಪ್ರಚಾರಚಿತ್ರವೊಂದರಲ್ಲಿ ಈ ತುಣುಕನ್ನು ಸೇರಿಸಿದ್ದರಿಂದ ಅಷ್ಟಾದರೂ ಬದುಕಿಕೊಂಡಿತು. ಪುಣ್ಯಕ್ಕೆ, ಹಾಗೆ ಉಳಿದದ್ದು ಇಡೀ ಚಿತ್ರದ ಜೀವದಂತಿರುವ ದೃಶ್ಯ.

ಬಿಳಿಗಡ್ಡದ ಮುದುಕನೊಬ್ಬನ ಮನೆಯ ಮುಂದೆ ಜನ ಕಿಕ್ಕಿರಿದಿದ್ದಾರೆ. ಕೈಕಾಲು ಸೊಟ್ಟಗಾದ ಒಬ್ಬ ನೆಲದ ಮೇಲೆ ತೆವಳುತ್ತ ಆ ಮುದುಕನ ಕಡೆಗೆ ಸಾಗುತ್ತಾನೆ. ಮೈಯನ್ನೇ ಮೂಟೆಯಂತೆ ಎಳೆದುಕೊಂಡು ಹೋಗುತ್ತಾನೆ. ಹತ್ತಿರ ಬಂದಂತೆ ಒಂದೊಂದೇ ಅಂಗ ಬಿಚ್ಚಿಕೊಳ್ಳುತ್ತದೆ, ಕೊನೆಗೆ ಎದ್ದು ನಿಲ್ಲುತ್ತಾನೆ. ಇದೆಲ್ಲ ನಾಟಕ. ಅವನು ನ್ಯೂಯಾರ್ಕಿನ ವಂಚಕರ ಗುಂಪಿನವನು, ‘ಫ್ರಾಗ್’ ಅಂದರೆ ‘ಕಪ್ಪೆ’ ಎಂಬುದು ಅವನ ಅಡ್ಡಹೆಸರು, ಸಂದುಗಳನ್ನು ತಿರುಚಿಕೊಂಡು ಅಂಗವಿಕಲನಂತೆ ಕಾಣಿಸಿಕೊಳ್ಳುವುದು ಅವನ ಕಸುಬು. ಆದರೆ ಅಷ್ಟರಲ್ಲಿ ಜನರ ನಡುವೆ ನಿಂತಿದ್ದ ಹುಡುಗನೊಬ್ಬ, ನಿಜವಾಗಿಯೂ ಕಾಲಿನಲ್ಲಿ ಬಲವಿಲ್ಲದವನು, ಊರುಗೋಲುಗಳನ್ನು ಎಸೆದು ಮುದುಕನ ಕಡೆಗೆ ಓಡುತ್ತಾನೆ. ಸುಳ್ಳನ್ನು ಕಟ್ಟಿದವರೇ ದಂಗುಬಡಿದು ನಿಲ್ಲುತ್ತಾರೆ.

ಕಪಟ ಪವಾಡಪುರುಷ ಪಶ್ಚಾತ್ತಾಪಪಟ್ಟು ಮನುಷ್ಯನಾಗುವ ಕತೆಗಳ ದೊಡ್ಡ ಪರಂಪರೆಯೇ ಸಿನಿಮಾದಲ್ಲಿದೆ. ಅದರ ಅಚ್ಚು ತಯಾರಾದದ್ದು ಈ ಮೂರು ನಿಮಿಷಗಳಲ್ಲಿ. ಈ ಪರಂಪರೆಯ ಬಗ್ಗೆ ಬರೆದವರು ಸಾಮಾನ್ಯವಾಗಿ ವಂಚಕನ ಮೇಲೆ ಕಣ್ಣಿಡುತ್ತಾರೆ: ಅವನು ಬದಲಾದನೇ, ಆ ಬದಲಾವಣೆ ನಂಬುವಂತಿದೆಯೇ ಎಂದು ಕೇಳುತ್ತಾರೆ. ನಾನು ಕೇಳಬೇಕೆಂದಿರುವುದು ಬೇರೆ. ಅವನ ಮುಂದೆ ಬಂದು ಕೂತ ರೋಗಿಗಳ ಗತಿ ಏನಾಯಿತು? ಈ ಚಿತ್ರಗಳ ಯೋಗ್ಯತೆಯನ್ನು ಅಳೆಯಬೇಕಾದದ್ದು ಇದೇ ಪ್ರಶ್ನೆಯಿಂದ ಎಂದು ನಾನು ನಂಬಿದ್ದೇನೆ.

‘ಮಿರಾಕಲ್ ಮ್ಯಾನ್’ ಕತೆ ಮೊದಲು 1914ರಲ್ಲಿ ಫ್ರಾಂಕ್ ಪ್ಯಾಕರ್ಡ್ ಬರೆದ ಕಾದಂಬರಿಯಾಗಿ ಬಂತು. ಅದೇ ವರ್ಷ ಜಾರ್ಜ್ ಕೋಹನ್ ಅದನ್ನು ರಂಗಕ್ಕೆ ತಂದರು. ಚಿತ್ರವನ್ನು ನಿರ್ದೇಶಿಸಿದ ಜಾರ್ಜ್ ಲೋನ್ ಟಕ್ಕರ್ ಎರಡೇ ವರ್ಷಗಳಲ್ಲಿ, 1921ರಲ್ಲಿ, ತೀರಿಕೊಂಡರು. ಕತೆಯಲ್ಲಿ ವಂಚಕರ ಗುಂಪಿನ ನಾಯಕ ಟಾಮ್ ಬರ್ಕ್‌ಗೆ ಹಳ್ಳಿಯ ಮುದುಕನೊಬ್ಬನ ಸುದ್ದಿ ಸಿಗುತ್ತದೆ. ಆ ಮುದುಕನಿಗೆ ಕಿವಿ ಕೇಳಿಸದು, ಮಾತು ಬಾರದು, ಕಣ್ಣೂ ಮಂದ. ಆದರೂ ಅವನ ಪ್ರಾರ್ಥನೆಯಿಂದ ರೋಗ ಗುಣವಾಗುತ್ತದೆಂದು ಊರವರ ನಂಬಿಕೆ. ಆ ನಂಬಿಕೆಯ ಪಕ್ಕದಲ್ಲಿ ಹುಂಡಿ ಇಟ್ಟು ಹಣ ಬಾಚಬೇಕೆಂಬುದು ಟಾಮ್‌ನ ಲೆಕ್ಕ. ಮುದುಕ ಮಾತ್ರ ಅಪ್ಪಟ, ಅವನಲ್ಲಿ ಯಾವ ಕಪಟವೂ ಇಲ್ಲ. ಅವನ ನೆರಳಿನಲ್ಲಿ ಇದ್ದು ಇದ್ದು ವಂಚಕರು ಒಬ್ಬೊಬ್ಬರಾಗಿ ಕರಗುತ್ತಾರೆ.

ಈ ಚಿತ್ರ ಬಂದ ಕಾಲವನ್ನು ನೆನೆಯಬೇಕು. ಮಹಾಯುದ್ಧ ಆಗಷ್ಟೇ ಮುಗಿದಿತ್ತು. 1918ರ ಇನ್‌ಫ್ಲುಯೆಂಜಾ ಲೋಕದ ತುಂಬ ಕೋಟಿಗಟ್ಟಲೆ ಜನರನ್ನು ಬಲಿ ತೆಗೆದುಕೊಂಡಿತ್ತು. ವೈದ್ಯರ ಕೈಯಲ್ಲಿ ಅದಕ್ಕೆ ಮದ್ದಿರಲಿಲ್ಲ. ಥಿಯೇಟರಿನ ಕತ್ತಲಲ್ಲಿ ಕೂತ ಎಷ್ಟೋ ಮಂದಿ ಆ ವರ್ಷ ಯಾರನ್ನಾದರೂ ಮಣ್ಣುಮಾಡಿ ಬಂದವರೇ. ಊರುಗೋಲು ಎಸೆದು ಓಡುವ ಹುಡುಗನನ್ನು ಕಂಡು ಅವರು ಅತ್ತಿದ್ದರೆ ಅದರಲ್ಲಿ ನಗುವಂಥದ್ದೇನೂ ಇಲ್ಲ. ಚಿತ್ರ ಭಾರಿ ಯಶಸ್ಸು ಕಂಡಿತು. ‘ಫ್ರಾಗ್’ ಆಗಿದ್ದ ಲಾನ್ ಚೇನಿ ರಾತ್ರಿ ಬೆಳಗಾಗುವಷ್ಟರಲ್ಲಿ ದೊಡ್ಡ ನಟನೆನಿಸಿದರು. ಚೇನಿಯ ತಂದೆ ತಾಯಿ ಇಬ್ಬರಿಗೂ ಕಿವಿ ಕೇಳಿಸುತ್ತಿರಲಿಲ್ಲ. ಮೈಯಿಂದಲೇ ಮಾತಾಡುವುದನ್ನು ಮನೆಯಲ್ಲೇ ಕಲಿತ ಮಗ ಆ ತೆವಳುವ ದೇಹವನ್ನು ತೆರೆಯ ಮೇಲೆ ತಂದರು. ಅಭಿನಯದಲ್ಲಿ ಅಷ್ಟು ನಿಜವಿದ್ದುದರಿಂದಲೇ ಕಪಟದ ದೃಶ್ಯವೂ ಎದೆ ತಟ್ಟುತ್ತದೆ.

ಆದರೆ ಅಚ್ಚಿನ ದೋಷವೂ ಅಲ್ಲೇ ಇದೆ. ಆ ಹುಡುಗ ಯಾರು? ಅವನು ಓಡಿದ್ದು ಕತೆಗೆ ಬೇಕಾಗಿತ್ತು, ವಂಚಕರ ಮನಸ್ಸು ತಿರುಗಬೇಕಿತ್ತು. ಆ ಕೆಲಸ ಮುಗಿದ ಕೂಡಲೇ ಕತೆಗೆ ಅವನ ಹಂಗಿಲ್ಲ. ಆ ಗುಂಪಿನಲ್ಲಿ ಊರುಗೋಲು ಹಿಡಿದೇ ನಿಂತಿರಬಹುದಾದ ಇನ್ನೊಬ್ಬನ ಮುಖವನ್ನು ಕ್ಯಾಮೆರಾ ಹುಡುಕುವುದಿಲ್ಲ. ನಮ್ಮ ಊರುಗಳಲ್ಲೂ ತಾಯಿತ ಕಟ್ಟಿಸಿಕೊಂಡು, ಮಂತ್ರಿಸಿದ ನೀರು ಕುಡಿದು, ಹರಕೆ ಹೊತ್ತು, ಮೊದಲಿದ್ದಂತೆಯೇ ಮನೆಗೆ ಮರಳಿದವರ ಸಂಖ್ಯೆ ದೊಡ್ಡದು. ಅವರ ಹಿಂದಿರುಗುವ ದಾರಿಯನ್ನು ಈ ಚಿತ್ರಪರಂಪರೆ ಬಹುಮಟ್ಟಿಗೆ ಕಡೆಗಣಿಸಿದೆ.

ಕಡೆಗಣಿಸದ ಚಿತ್ರವೊಂದು 1931ರಲ್ಲಿ ಬಂತು: ಫ್ರಾಂಕ್ ಕ್ಯಾಪ್ರಾ ನಿರ್ದೇಶನದ ‘ದಿ ಮಿರಾಕಲ್ ವುಮನ್’. ಅದರ ಹಿಂದೆ ಒಬ್ಬ ನಿಜ ವ್ಯಕ್ತಿಯ ನೆರಳಿದೆ. ಏಮಿ ಸೆಂಪಲ್ ಮ್ಯಾಕ್‌ಫರ್ಸನ್ ಎಂಬ ಧರ್ಮಬೋಧಕಿ 1923ರ ಜನವರಿ 1ರಂದು ಲಾಸ್ ಏಂಜಲೀಸ್‌ನಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದ ಏಂಜಲಸ್ ಟೆಂಪಲ್ ತೆರೆದರು. ಮರುವರ್ಷವೇ ತಮ್ಮದೇ ರೇಡಿಯೋ ಕೇಂದ್ರ ಆರಂಭಿಸಿದರು. ವೇಷ, ಸಂಗೀತ, ರಂಗಸಜ್ಜಿಕೆ ಎಲ್ಲವನ್ನೂ ಪ್ರವಚನಕ್ಕೆ ತಂದರು. 1926ರಲ್ಲಿ ಅವರು ಹಲವು ವಾರ ಕಾಣೆಯಾಗಿ ಮರಳಿದ್ದು ದೇಶವಿಡೀ ಸುದ್ದಿಯಾಯಿತು. ಅವರ ಪ್ರೇರಣೆಯಿಂದ ಹುಟ್ಟಿದ ನಾಟಕವೊಂದನ್ನು ಆಧರಿಸಿ ಕ್ಯಾಪ್ರಾ ಈ ಚಿತ್ರ ಮಾಡಿದರು.

ಚಿತ್ರ ತೆರೆದುಕೊಳ್ಳುವುದು ಚರ್ಚಿನಲ್ಲಿ. ಫ್ಲಾರೆನ್ಸ್ ಫ್ಯಾಲನ್‌ಳ ತಂದೆ ಅಲ್ಲಿ ಬಹುಕಾಲ ಪಾದ್ರಿಯಾಗಿದ್ದವರು. ವಯಸ್ಸಾಯಿತೆಂದು ಸಭೆ ಅವರನ್ನು ಬಿಟ್ಟು ಹೊಸಬನನ್ನು ತರಲು ಹೊರಟಿದೆ. ಕೊನೆಯ ಪ್ರವಚನವನ್ನು ಮಗಳಿಗೆ ಹೇಳಿ ಬರೆಸುತ್ತಿದ್ದಾಗಲೇ ಅವರ ಉಸಿರು ನಿಂತಿದೆ. ಫ್ಲಾರೆನ್ಸ್ ಪಾತ್ರದ ಬಾರ್ಬರಾ ಸ್ಟಾನ್‌ವಿಕ್ ಆ ಅರ್ಧ ಪ್ರವಚನ ಹಿಡಿದು ವೇದಿಕೆ ಹತ್ತಿ, ಎದುರು ಕೂತವರ ಮುಖಕ್ಕೇ ಅವರ ಬೂಟಾಟಿಕೆಯನ್ನು ಎಸೆಯುತ್ತಾರೆ. ಜನ ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಖಾಲಿ ಚರ್ಚಿನಲ್ಲಿ ಉಳಿದವನು ಹಾರ್ನ್ಸ್‌ಬಿ ಎಂಬ ದಗಾಕೋರ. ಈ ಸಿಟ್ಟನ್ನು ಹಣವಾಗಿಸಬಹುದೆಂದು ಅವನಿಗೆ ತಕ್ಷಣ ಹೊಳೆಯುತ್ತದೆ. ಮುಂದೆ ಫ್ಲಾರೆನ್ಸ್ ‘ಸಿಸ್ಟರ್’ ಆಗುತ್ತಾಳೆ, ಸಿಂಹಗಳ ಬೋನಿನೊಳಗೆ ನಿಂತು ಬೋಧಿಸುತ್ತಾಳೆ, ಬಾಡಿಗೆಗೆ ತಂದ ಕುಂಟರು ಅವಳೆದುರು ನಡೆದಾಡುತ್ತಾರೆ.

ಇಲ್ಲಿ ಜಾನ್ ಕಾರ್ಸನ್ ಬರುತ್ತಾನೆ. ಹಿಂದೆ ವಿಮಾನ ಹಾರಿಸುತ್ತಿದ್ದವನು, ಈಗ ಕಣ್ಣು ಕಾಣದವನು. ಕಿಟಕಿಯಿಂದ ಹಾರಿ ಸಾಯಬೇಕೆಂದಿದ್ದವನನ್ನು ರೇಡಿಯೋದಲ್ಲಿ ಬಂದ ಅವಳ ದನಿ ತಡೆಯುತ್ತದೆ. ಸುಳ್ಳುಗಾತಿಯ ಮಾತಿನಿಂದ ಒಂದು ನಿಜವಾದ ಜೀವ ಉಳಿಯಿತು. ನನಗೆ ತಿಳಿದಂತೆ ಈ ಇಡೀ ಪರಂಪರೆಯಲ್ಲಿ ಇಷ್ಟು ಪ್ರಾಮಾಣಿಕವಾದ ‘ಪವಾಡ’ ಇನ್ನೊಂದಿಲ್ಲ. ಅವನ ಕಣ್ಣು ಮರಳಿ ಬರುವುದಿಲ್ಲ, ಬದುಕುವ ಮನಸ್ಸು ಮರಳಿ ಬರುತ್ತದೆ. ಅಷ್ಟನ್ನು ಮಾತು ಮಾಡಬಲ್ಲದು, ಅದಕ್ಕಿಂತ ಹೆಚ್ಚನ್ನು ಮಾಡಲಾರದು ಎಂಬ ವಿವೇಕ ಚಿತ್ರಕ್ಕಿದೆ.

ಆಮೇಲಿನ ದೃಶ್ಯ ಇನ್ನೂ ಆಳವಾದದ್ದು. ಫ್ಲಾರೆನ್ಸ್ ತನ್ನ ಕಸುಬಿಗೆ ಹೇಸಿ ಕುಸಿದಾಗ, ಜಾನ್ ತನಗೆ ದೃಷ್ಟಿ ಬಂದಿದೆ ಎಂದು ನಟಿಸುತ್ತಾನೆ. ಕೋಣೆಯ ಯಾವ ವಸ್ತು ಎಲ್ಲಿದೆ ಎಂದು ಮನೆಯೊಡತಿಯ ನೆರವಿನಿಂದ ಮೊದಲೇ ಬಾಯಿಪಾಠ ಮಾಡಿಕೊಂಡಿದ್ದಾನೆ. ನೋಡಿದವನಂತೆ ಓಡಾಡುತ್ತ ಒಂದೊಂದನ್ನೂ ವರ್ಣಿಸುತ್ತಾನೆ. ಅವಳಿಗೆ ಗೊತ್ತಾಗುತ್ತದೆ, ಗೊತ್ತಾಗದೆ ಇರಲು ಸಾಧ್ಯವೇ? ಅವಳು ಸಾವಿರಾರು ಜನರ ಮುಂದೆ ಆಡಿದ ಆಟವನ್ನೇ ಅವನು ಅವಳೊಬ್ಬಳಿಗಾಗಿ ಆಡುತ್ತಿದ್ದಾನೆ. ಅವಳು ಸುಳ್ಳಾಡಿದ್ದು ಪಡೆಯಲು, ಅವನು ಸುಳ್ಳಾಡಿದ್ದು ಕೊಡಲು. ರೋಗಿಯೇ ವೈದ್ಯೆಯನ್ನು ಗುಣಪಡಿಸಲು ಹೊರಟಿದ್ದಾನೆ. ವಂಚಕಿಯ ಉದ್ಧಾರಕ್ಕೆ ಇಲ್ಲಿ ಯಾರ ಕಾಲೂ ನೆಟ್ಟಗಾಗಬೇಕಿಲ್ಲ.

ಹಾಗೆಂದು ಚಿತ್ರ ಪೂರ್ಣ ಧೈರ್ಯ ತೋರಿಸಿದೆ ಎನ್ನಲಾರೆ. ಪಾಪದ ಹೊರೆಯನ್ನೆಲ್ಲ ಹಾರ್ನ್ಸ್‌ಬಿಯ ತಲೆಗೆ ಕಟ್ಟಿ ಫ್ಲಾರೆನ್ಸ್‌ಳನ್ನು ಹಗುರ ಮಾಡಲಾಗಿದೆ. ಈ ಹಿಂಜರಿಕೆಯನ್ನು ಕ್ಯಾಪ್ರಾ ಅವರೇ 1971ರ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಅವಳು ಸಭೆಯ ಮುಂದೆ ಸತ್ಯ ಹೇಳಲು ನಿಂತ ಹೊತ್ತಿಗೆ ಬೆಂಕಿ ಬೀಳುತ್ತದೆ, ಜನ ದಿಕ್ಕಾಪಾಲಾಗುತ್ತಾರೆ, ಜಾನ್ ಹೊಗೆಯಲ್ಲಿ ನುಗ್ಗಿ ಅವಳನ್ನು ಹೊತ್ತು ತರುತ್ತಾನೆ. ದೃಶ್ಯ ರೋಮಾಂಚಕವೇ ಸರಿ. ಆದರೆ ನಿಜ ತಿಳಿದಾಗ ಮೋಸಹೋದವರು ಏನು ಹೇಳುತ್ತಿದ್ದರು ಎಂಬುದು ಆ ಬೆಂಕಿಯಲ್ಲಿ ಸುಟ್ಟುಹೋಯಿತು.

1960ರ ‘ಎಲ್ಮರ್ ಗ್ಯಾಂಟ್ರಿ’ಯಲ್ಲಿ ಮತ್ತೆ ಅದೇ ಬೆಂಕಿ. ಸಿಂಕ್ಲೇರ್ ಲೂಯಿಸ್ 1927ರಲ್ಲಿ ಬರೆದ ಕಾದಂಬರಿಯಲ್ಲಿ ಕಪಟ ಬೋಧಕ ಗ್ಯಾಂಟ್ರಿಗೆ ಉದ್ಧಾರವೆಂಬುದೇ ಇಲ್ಲ, ಅವನು ಕಪಟದ ಮೆಟ್ಟಿಲು ಹತ್ತುತ್ತಲೇ ಹೋಗುತ್ತಾನೆ. ಚಿತ್ರದ ನಿರ್ದೇಶಕ ರಿಚರ್ಡ್ ಬ್ರೂಕ್ಸ್ ಕಾದಂಬರಿಯ ಒಂದು ಭಾಗವನ್ನಷ್ಟೇ ಆಯ್ದುಕೊಂಡು ಅವನಿಗೆ ಹೃದಯ ಕೊಟ್ಟರು. ಬರ್ಟ್ ಲ್ಯಾಂಕಾಸ್ಟರ್ ಆ ಪಾತ್ರಕ್ಕೆ ಆಸ್ಕರ್ ಪಡೆದರು. ಕೊನೆಯಲ್ಲಿ ಬೋಧಕಿ ಸಿಸ್ಟರ್ ಶರಾನ್ ಕಿವುಡನೊಬ್ಬನಿಗೆ ಕಿವಿ ಕೇಳಿಸುವಂತೆ ಮಾಡುತ್ತಾಳೆ, ಮರುಗಳಿಗೆ ಪ್ರಾರ್ಥನಾಮಂದಿರಕ್ಕೆ ಬೆಂಕಿ ಹತ್ತಿ ಅವಳು ಸಾಯುತ್ತಾಳೆ. 1919ರ ಊರುಗೋಲಿನ ಜಾಗಕ್ಕೆ ಇಲ್ಲಿ ಕಿವಿ ಬಂದಿದೆ. ಲ್ಯಾಂಕಾಸ್ಟರ್ ಅವರ ಅಬ್ಬರದ ನಗು ಮನಸ್ಸಿನಲ್ಲಿ ನಿಲ್ಲುತ್ತದೆ. ಆ ಕಿವುಡನ ಹೆಸರು ಯಾರಿಗೂ ನೆನಪಿರುವುದಿಲ್ಲ.

ಈ ಪರಂಪರೆಯ ಒಂದು ಎಳೆ ನಮ್ಮ ಮೈಸೂರಿಗೂ ಬರುತ್ತದೆ. ಆರ್.ಕೆ. ನಾರಾಯಣ್ ‘ದಿ ಗೈಡ್’ ಬರೆಯಲು ಮೂಲವಾದ ಪ್ರಸಂಗವನ್ನು ‘ಮೈ ಡೇಸ್’ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಬರಗಾಲದಲ್ಲಿ ಕೃಷ್ಣರಾಜಸಾಗರದ ತಳ ಬಿರುಕುಬಿಟ್ಟು, ಮುಳುಗಿದ್ದ ಹಳೆಯ ಗುಡಿ ಕಾಣಿಸಿಕೊಂಡಿತ್ತು. ಪುರಸಭೆ ಮಳೆಗಾಗಿ ಪ್ರಾರ್ಥನೆ ಏರ್ಪಡಿಸಿತು. ಕಾವೇರಿಯ ಒಣ ಪಾತ್ರದಲ್ಲಿ, ಎಲ್ಲಿಂದಲೋ ತಂದ ಮೊಣಕಾಲುದ್ದದ ನೀರಿನಲ್ಲಿ ನಿಂತು, ಬ್ರಾಹ್ಮಣರು ಹನ್ನೊಂದು ದಿನ ಉಪವಾಸವಿದ್ದು ಮಂತ್ರ ಹೇಳಿದರು. ಹನ್ನೆರಡನೆಯ ದಿನ ಮಳೆ ಬಂತು. ಆ ನೀರಿನ ನಡುವೆ ಒಬ್ಬ ನಕಲಿ ಸ್ವಾಮಿಯನ್ನು ನಿಲ್ಲಿಸಿದರೆ ಹೇಗೆ ಎಂಬ ಯೋಚನೆಯಿಂದ 1958ರ ಕಾದಂಬರಿ ಹುಟ್ಟಿತು. ಇಲ್ಲಿ ರೋಗದ ಜಾಗಕ್ಕೆ ಬರ ಬಂದಿದೆ, ಒಬ್ಬ ರೋಗಿಯ ಬದಲು ಇಡೀ ಹಳ್ಳಿಯೇ ಹಾಸಿಗೆ ಹಿಡಿದಿದೆ.

ಕ್ಯಾಪ್ರಾ ಬೆಂಕಿಗೆ ಹಾಕಿದ ಪ್ರಶ್ನೆಯನ್ನು ನಾರಾಯಣ್ ನೇರವಾಗಿ ಕೈಗೆತ್ತಿಕೊಂಡರು. ಆ ನಕಲಿ ಸ್ವಾಮಿ ರಾಜು, ತಾನು ಜೈಲಿನಿಂದ ಬಂದವನೆಂದು ಹಳ್ಳಿಗ ವೇಲನ್‌ಗೆ ತನ್ನ ಕತೆಯನ್ನೆಲ್ಲ ಬಿಚ್ಚಿಡುತ್ತಾನೆ. ವೇಲನ್ ಪೂರ್ತಿ ಕೇಳುತ್ತಾನೆ, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡುತ್ತಾನೆ, ಮತ್ತೆ ‘ಸ್ವಾಮಿ’ ಎಂದೇ ಕರೆಯುತ್ತಾನೆ. ಸಾಯುತ್ತಿರುವ ದನ, ಒಣಗಿದ ಬಾವಿ, ಊರೂರ ನಡುವಿನ ಹೊಡೆದಾಟ ಕಣ್ಣೆದುರಿಗಿರುವಾಗ ಅವನಿಗೆ ಬೇಕಿರುವುದು ಮಳೆ. ಸ್ವಾಮಿಯ ಪೂರ್ವಾಶ್ರಮ ಕಟ್ಟಿಕೊಂಡು ಅವನಿಗೇನು? ರಾಜುವಿಗೆ ತಪ್ಪೊಪ್ಪಿಗೆಯಿಂದ ಬಿಡುಗಡೆ ಸಿಗುವುದಿಲ್ಲ. ಮಳೆಗಾಗಿ ಹಿಡಿದ ಉಪವಾಸದಲ್ಲಿ ಕದ್ದು ತಿನ್ನುವುದನ್ನು ಬಿಟ್ಟು, ತನಗೆ ಏನೂ ದಕ್ಕದ ಕೆಲಸವೊಂದಕ್ಕೆ ಜೀವಮಾನದಲ್ಲಿ ಮೊದಲ ಬಾರಿ ಪೂರ್ತಿಯಾಗಿ ತೊಡಗಿದಾಗಲೇ ಅದು ಸಿಗುತ್ತದೆ. ಬೆಟ್ಟದಲ್ಲಿ ಮಳೆ ಬಂತೆಂದು ಅವನಿಗೆ ಅನ್ನಿಸುತ್ತದೆ. ಬಂತೋ ಇಲ್ಲವೋ, ಕಾದಂಬರಿ ಹೇಳುವುದಿಲ್ಲ. ಆ ಮೌನ ಹಳ್ಳಿಯವರಿಗೆ ಸಲ್ಲಿಸಿದ ಗೌರವ ಎಂದು ನಾನು ಓದಿಕೊಳ್ಳುತ್ತೇನೆ. ಒಬ್ಬನ ಆತ್ಮ ಶುದ್ಧವಾಯಿತೆಂದು ಅವರ ಹೊಲ ತೋಯಬೇಕಿಲ್ಲ.

1965ರ ‘ಗೈಡ್’ ಚಿತ್ರದಲ್ಲಿ ವಿಜಯ್ ಆನಂದ್ ಮಳೆ ಸುರಿಸಿಯೇಬಿಟ್ಟರು. ದೇವ್ ಆನಂದ್ ಕಣ್ಣುಮುಚ್ಚುವ ಹೊತ್ತಿಗೆ ಜನ ಕೆಸರಿನಲ್ಲಿ ಕುಣಿಯುತ್ತಾರೆ. ಕಾವೇರಿ ದಡದ ಕತೆಯನ್ನು ರಾಜಸ್ಥಾನಕ್ಕೆ ಸಾಗಿಸಿದ್ದರ ಬಗ್ಗೆ ನಾರಾಯಣ್ ತಮ್ಮ ಬೇಸರವನ್ನು ಬರೆದಿದ್ದಾರೆ. ನನಗೆ ಅದಕ್ಕಿಂತ ದೊಡ್ಡ ನಷ್ಟವೆನಿಸುವುದು ಆ ಖಚಿತವಾದ ಮಳೆ. ವಹೀದಾ ರೆಹಮಾನ್ ಅವರ ರೋಸಿ, ಎಸ್.ಡಿ. ಬರ್ಮನ್ ಅವರ ಸಂಗೀತ, ಇವುಗಳ ಸೊಬಗನ್ನು ಮನಸಾರೆ ಒಪ್ಪಿಯೂ ಹೇಳುತ್ತೇನೆ: ಕೊನೆಯ ರೀಲಿನಲ್ಲಿ ಚಿತ್ರ 1919ರ ಹುಡುಗನ ಊರುಗೋಲನ್ನೇ ಮತ್ತೆ ಎಸೆಯಿತು.

ಆ ಊರುಗೋಲು 1992ರವರೆಗೂ ಬಂತು. ‘ಲೀಪ್ ಆಫ್ ಫೇತ್’ ಚಿತ್ರದಲ್ಲಿ ಸ್ಟೀವ್ ಮಾರ್ಟಿನ್ ಊರೂರು ಡೇರೆ ಹಾಕುವ ಕಪಟ ಬೋಧಕ. ಕಿವಿಯಲ್ಲಿ ಅಡಗಿಸಿದ ಪುಟ್ಟ ಯಂತ್ರದಿಂದ ಭಕ್ತರ ವಿವರ ತಿಳಿದುಕೊಳ್ಳುತ್ತಾನೆ. ಇದು ಬರೀ ಕಲ್ಪನೆಯಲ್ಲ. 1986ರಲ್ಲಿ ಜಾದೂಗಾರ ಜೇಮ್ಸ್ ರ‍್ಯಾಂಡಿ ಟಿವಿ ಬೋಧಕ ಪೀಟರ್ ಪಾಪಾಫ್‌ರ ಸಭೆಯಲ್ಲಿ ರೇಡಿಯೋ ಸ್ಕ್ಯಾನರ್ ಹಿಡಿದು, 39.17 ಮೆಗಾಹರ್ಟ್ಸ್‌ನಲ್ಲಿ ಅವರ ಹೆಂಡತಿ ಕಿವಿಯಲ್ಲಿ ಹೇಳಿಕೊಡುತ್ತಿದ್ದುದನ್ನು ಬಯಲು ಮಾಡಿದ್ದರು. ಚಿತ್ರದಲ್ಲಿ ಊರುಗೋಲಿನ ಹುಡುಗ ಬಾಯ್ಡ್ ಇದ್ದಾನೆ. ಅವನನ್ನು ಹಿಂದೊಮ್ಮೆ ಬೇರೊಬ್ಬ ಬೋಧಕನ ಬಳಿ ಕರೆದೊಯ್ದಿದ್ದರು. ಗುಣವಾಗದಿದ್ದಾಗ ಆ ಬೋಧಕ ತಪ್ಪನ್ನು ಹುಡುಗನ ಮೇಲೆಯೇ ಹೊರಿಸಿದ್ದ. ಈ ಒಂದು ಮಾತಿಗಾಗಿ ಚಿತ್ರಕ್ಕೆ ಕೈಮುಗಿಯಬೇಕು. ರೋಗ ಹಾಗೇ ಉಳಿಯಿತು, ಮೇಲೆ ‘ನಿನ್ನ ನಂಬಿಕೆ ಸಾಲದು’ ಎಂಬ ಅಪವಾದವೂ ಸೇರಿತು. ನಂಬಿ ಬಂದವರಿಗೆ ಇದಕ್ಕಿಂತ ದೊಡ್ಡ ದ್ರೋಹವಿಲ್ಲ. ಹಾಗಿದ್ದೂ ಚಿತ್ರ ಕೊನೆಗೆ ಬಾಯ್ಡ್‌ನನ್ನು ನಡೆಸುತ್ತದೆ, ಒಣಗಿದ ಊರಿಗೆ ಮಳೆಯನ್ನೂ ತರಿಸುತ್ತದೆ.

ಪವಾಡವನ್ನು ತೆರೆಯ ಮೇಲೆ ತೋರಿಸಬಾರದೆಂದು ನಾನು ಹೇಳುತ್ತಿಲ್ಲ. ನಂಬಿಕೆಯನ್ನು ಹಗುರವಾಗಿ ಕಾಣುವ ಮನಸ್ಸೂ ನನಗಿಲ್ಲ. ಮೋಸಗಾರನೂ ಮನುಷ್ಯನಾಗಬಹುದೆಂಬ ಈ ಕತೆಗಳ ಭರವಸೆ ದೊಡ್ಡದು, ಅದು ನಮಗೆಲ್ಲರಿಗೂ ಬೇಕು. ಆದರೆ ಆ ಭರವಸೆಯ ಬೆಲೆಯನ್ನು ತೆರಬೇಕಾದವನು ಮೋಸಗಾರನೇ. ಬಡವರ ರೋಗವನ್ನು ಹಣಕ್ಕಾಗಿ ಬಳಸಿದ್ದು ಮೊದಲ ತಪ್ಪಾದರೆ, ಅದೇ ರೋಗವನ್ನು ಅವನ ಮೋಕ್ಷಕ್ಕಾಗಿ ಮತ್ತೆ ಬಳಸುವುದು ಎರಡನೆಯದು. ಆ ಎರಡನೆಯ ತಪ್ಪನ್ನು ಈ ಪರಂಪರೆ ತಿಳಿಯದೆಯೇ ಎಪ್ಪತ್ತು ವರ್ಷಕ್ಕೂ ಮಿಕ್ಕಿ ಮಾಡುತ್ತ ಬಂದಿದೆ. ಅದರಿಂದ ತಪ್ಪಿಸಿಕೊಂಡವು ನಾನು ಕಂಡಂತೆ ಎರಡು: ಕಣ್ಣು ಬಾರದ ಜಾನ್‌ನ ಕೋಣೆ ಮತ್ತು ಮಳೆ ಬಂತೋ ಎಂದು ಹೇಳದ ನಾರಾಯಣ್ ಅವರ ನದಿಪಾತ್ರ.

ಮತ್ತೆ ಆ ಮೂರು ನಿಮಿಷದ ತುಣುಕಿಗೆ ಹಿಂದಿರುಗುತ್ತೇನೆ. ಹುಡುಗ ಓಡುವುದನ್ನು ಈಗಲೂ ಮೈನವಿರೇಳದೆ ನೋಡಲಾರೆ. ಆದರೆ ಪ್ರತಿ ಸಲವೂ ನನ್ನ ಕಣ್ಣು ಅವನನ್ನು ಬಿಟ್ಟು ಹಿಂದೆ ಸರಿಯುತ್ತದೆ, ಗುಂಪಿನಲ್ಲಿ ನಿಂತವರ ಮುಖಗಳನ್ನು ಹುಡುಕುತ್ತದೆ. ಅಷ್ಟರಲ್ಲಿ ತುಣುಕು ಮುಗಿಯುತ್ತದೆ.